ಅಪ್‌ಡೇಟ್: ಅಮ್ಮನ ಶಸ್ತ್ರಚಿಕಿತ್ಸೆ ಮುಗಿಯಿತು

ಕಾಪುವಿನಲ್ಲಿರುವ ನನ್ನ ಅಮ್ಮನ ಎಡ ಸ್ತನದಲ್ಲಿ ಎರಡು ಸೆಂ.ಮೀ. ಕ್ಯಾನ್ಸರ್ ಗಡ್ಡೆ, ಇಡೀ ಸ್ತನ ತೆಗೆಸಬೇಕೇ, ಗಡ್ಡೆಯನ್ನಷ್ಟೇ ತೆಗೆಸಿದರೆ ಸಾಕೇ ಎಂದು ಹಿಂದೆ ಇಲ್ಲಿ ಕೇಳಿದ್ದೆ.

ಮಂಗಳೂರಿನಲ್ಲಿ ಇನ್ನೊಬ್ಬರ ಅಭಿಪ್ರಾಯ ಕೇಳಿ ಎಂದವರ ಸಲಹೆಯೇ ಕೆಲಸಕ್ಕೆ ಬಂತು. ಅಲ್ಲಿನ ವೈದ್ಯೆ ಕಾಗದದಲ್ಲಿ ಚಿತ್ರ ಬರೆದು ವಿವರಿಸಿದರು: ಆರಂಭದ ಹಂತದಲ್ಲಿ ಗಡ್ಡೆಯನ್ನು ಮಾತ್ರ ತೆಗೆದು ವಿಕಿರಣ ಕೊಟ್ಟರೂ ಬದುಕುಳಿಯುವ ಸಾಧ್ಯತೆ ಇಡೀ ಸ್ತನ ತೆಗೆದಷ್ಟೇ. 20 ವರ್ಷ ರೋಗಿಗಳನ್ನು ಗಮನಿಸಿ 2002ರಲ್ಲಿ ಪ್ರಕಟವಾದ ಅಮೆರಿಕ, ಇಟಲಿಯ ಅಧ್ಯಯನಗಳೂ ಇದನ್ನೇ ಹೇಳುತ್ತವೆಯಂತೆ. ‘ಎಲ್ಲ ತೆಗೆಸಿಬಿಡಿ, ನಿಶ್ಚಿಂತೆ’ ಎಂಬ ಅತ್ತೆಯ ಹಟ ಅಲ್ಲಿಗೆ ತಣ್ಣಗಾಯಿತು. ಮೊದಲು ಕಿಮೋ (ಕ್ಯಾನ್ಸರ್ ಔಷಧಿ) ಕೊಟ್ಟು ಗಡ್ಡೆ ಕುಗ್ಗಿಸಿ ಎಂದು ಇಲ್ಲಿ ಬಂದಿದ್ದ ಸಲಹೆ ನಮಗೆ ಹೊಂದಲಿಲ್ಲ, ಗಡ್ಡೆ ಚಿಕ್ಕದೇ ಇತ್ತು.

ಸ್ತನದ ಕ್ಯಾನ್ಸರ್ ಸಾಮಾನ್ಯವಾಗಿ ಮೊದಲು ಹರಡುವುದು ಕಂಕುಳಿನ ಗ್ರಂಥಿಗಳಿಗೆ, ಅವನ್ನೆಲ್ಲ ತೆಗೆಯುತ್ತಾರೆಂದು ಹೆದರಿದ್ದೆವು. ನೀಲಿ ಬಣ್ಣ ಚುಚ್ಚಿ, ಅದು ಮೊದಲು ತಲುಪಿದ ಎರಡನ್ನಷ್ಟೇ ತೆಗೆದು ಪರೀಕ್ಷಿಸಿದರು, ಕ್ಯಾನ್ಸರ್ ಇರಲಿಲ್ಲ. ಮರುದಿನ ಮೂತ್ರ ಹಸಿರು! ಅದು ಆ ಬಣ್ಣದ್ದೇ ಎಂದು ಮೊದಲೇ ಯಾರೂ ಹೇಳದ್ದರಿಂದ ಅಮ್ಮ ಬೆಚ್ಚಿಬಿದ್ದರು.

ಗಾಯ ಮಾಗಿದ ಮೇಲೆ 15 ಬಾರಿ ವಿಕಿರಣ, ವಾರಕ್ಕೆ ಐದು ದಿನ. ದಿನವೂ ಬಸ್ ಹತ್ತುವುದು ಕಷ್ಟವೆಂದು ಸುರತ್ಕಲ್‌ನ ಚಿಕ್ಕಮ್ಮನ ಮನೆಯಲ್ಲಿರುತ್ತಾರೆ. ಅಲ್ಲಿಯ ಕುಚ್ಚಲಕ್ಕಿ ಗಂಜಿಗೆ ಈಗಲೇ ತಕರಾರು ಶುರುವಾಗಿದೆ.