ವಿದೇಶದಲ್ಲಿ ಸ್ನಾತಕೋತ್ತರ ಅಧ್ಯಯನ: ಬಡ ವಿದ್ಯಾರ್ಥಿಗಳಿಗೆ ಯಾವ ನೆರವು ಲಭ್ಯ?

ಪ್ರಶ್ನೆ: ಕುಟುಂಬದಲ್ಲೇ ಮೊದಲ ಪದವೀಧರರಾದ, ಸಾಲಕ್ಕೆ ಅಡಮಾನವಿಡಲು ಏನೂ ಇಲ್ಲದ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕದ ಜೊತೆಗೆ ಜೀವನ ವೆಚ್ಚವನ್ನೂ ಭರಿಸುವ ವಿದ್ಯಾರ್ಥಿವೇತನಗಳು ಯಾವುವು?

ಉತ್ತರ 1: ಬ್ರಿಟನ್ ಸರ್ಕಾರದ ಚೀವ್ನಿಂಗ್ ಮತ್ತು ಐರೋಪ್ಯ ಒಕ್ಕೂಟದ ಎರಾಸ್ಮಸ್ ಮುಂಡಸ್ ಹೆಸರುವಾಸಿಯಾಗಿದ್ದರೂ ಅವು ಬಡತನವನ್ನು ಮಾನದಂಡವಾಗಿಸಿಕೊಂಡಿಲ್ಲ, ಚೀವ್ನಿಂಗ್‌ಗೆ ಎರಡು ವರ್ಷಗಳಷ್ಟು ಕೆಲಸದ ಅನುಭವ ಬೇಕು, ಓದು ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿಗೆ ಮರಳಬೇಕೆಂಬ ಷರತ್ತೂ ಇದೆ. ಸ್ವಂತ ಖರ್ಚಿನಲ್ಲಿ ಬ್ರಿಟನ್ನಿನಲ್ಲಿ ಓದಲಾಗದವರಿಗೆಂದೇ ಇರುವುದು ಕಾಮನ್‌ವೆಲ್ತ್ ಶೇರ್ಡ್ ವಿದ್ಯಾರ್ಥಿವೇತನ. ನನ್ನ ಅಭಿಪ್ರಾಯದಲ್ಲಿ ಮೊದಲು ನೋಡಬೇಕಾದದ್ದು ಅದನ್ನೇ.

ಉತ್ತರ 2: ವಿದ್ಯಾರ್ಥಿವೇತನ ಕೈಗೆ ಬರುವ ಮುನ್ನವೇ ಅರ್ಜಿ ಶುಲ್ಕ, ಇಂಗ್ಲಿಷ್ ಪರೀಕ್ಷೆ, ಅಂಕಪಟ್ಟಿಗಳ ದೃಢೀಕರಣ ಎಂದು ಹಣ ಸೋರಿಹೋಗುತ್ತದೆ, ಮತ್ತು ಬಡ ವಿದ್ಯಾರ್ಥಿಗಳಲ್ಲಿ ಹಲವರು ಹಿಂದೆ ಸರಿಯುವುದು ಇಲ್ಲಿಯೇ. ಆದ್ದರಿಂದ ಅರ್ಜಿ ಸಲ್ಲಿಸುವ ಮೊದಲೇ ಪ್ರವೇಶ ವಿಭಾಗಕ್ಕೆ ಆದಾಯದ ದಾಖಲೆ ಲಗತ್ತಿಸಿ, ಶುಲ್ಕ ವಿನಾಯಿತಿ ಕೋರಿ ಇಮೇಲ್ ಬರೆಯಬೇಕು. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಇಂತಹ ವಿನಾಯಿತಿಗೆ ಅವಕಾಶವಿದೆ, ಆದರೆ ಕೇಳದೆ ಯಾರೂ ಕೊಡುವುದಿಲ್ಲ.

ಉತ್ತರ 3: ಸಂಶೋಧನೆಯಲ್ಲಿ ಆಸಕ್ತಿಯಿದ್ದರೆ ಅಮೆರಿಕದ ಪಿಎಚ್‌ಡಿಯನ್ನೂ ಪರಿಗಣಿಸಬಹುದು. ಬಹಳಷ್ಟು ವಿಭಾಗಗಳು ಬೋಧನೆ ಅಥವಾ ಸಂಶೋಧನಾ ಸಹಾಯಕ ಕೆಲಸಕ್ಕೆ ಪ್ರತಿಯಾಗಿ ಶುಲ್ಕ ಮನ್ನಾ ಮಾಡಿ ಮಾಸಿಕ ವೇತನ ನೀಡುತ್ತವೆ, ಹಲವೆಡೆ ಸ್ನಾತಕೋತ್ತರ ಪದವಿ ಕಡ್ಡಾಯವೂ ಅಲ್ಲ.