ಮ್ಯಾಕ್ಯುಲರ್ ಹೋಲ್ ಆಪರೇಷನ್ ಆಗಿ ಮೂರು ವಾರ: ಆಯಿಯನ್ನು ಘಟ್ಟ ಹತ್ತಿಸಬಹುದೇ? ದೃಷ್ಟಿ ಯಾವಾಗ ಬರುತ್ತದೆ?

ಬನವಾಸಿ_ರಸ್ತೆ:
ಆಯಿಗೆ 64 ವರ್ಷ. ಎಡಗಣ್ಣಿನ ರೆಟಿನಾದ ನಡುಭಾಗದಲ್ಲಿ ತೂತು, ಓಸಿಟಿ (ರೆಟಿನಾದ ಪದರಗಳ ಸ್ಕ್ಯಾನ್) ರಿಪೋರ್ಟಿನಲ್ಲಿ 420 ಮೈಕ್ರಾನ್. ಆಪರೇಷನ್ನಿಗೆ ಮುಂಚೆ ದೃಷ್ಟಿ 6/60 (ಚಾರ್ಟಿನ ಅತಿ ದೊಡ್ಡ ಅಕ್ಷರ ಮಾತ್ರ). ಮಂಗಳೂರಿನಲ್ಲಿ ವಿಟ್ರೆಕ್ಟಮಿ (ಕಣ್ಣೊಳಗಿನ ಗಾಜಿನಂಥ ದ್ರವ ತೆಗೆಯುವ ಆಪರೇಷನ್) ಮಾಡಿ ಗ್ಯಾಸ್ ತುಂಬಿದ್ದಾರೆ, ಡಿಸ್ಚಾರ್ಜ್ ಕಾರ್ಡಿನಲ್ಲಿ ‘ಸಿ3ಎಫ್8 14%’ ಎಂದು ಆ ಗ್ಯಾಸಿನ ಹೆಸರಿದೆ. ಮೂರು ವಾರ ಆಯಿತು. ಸದ್ಯ ಕುಮಟಾದಲ್ಲಿ ಅಕ್ಕನ ಮನೆಯಲ್ಲಿದ್ದಾಳೆ. ತೂತು ಮುಚ್ಚಿದಂತಿದೆ, ಗ್ಯಾಸ್ ಹೋದ ಮೇಲೆ ಸರಿಯಾಗಿ ಸ್ಕ್ಯಾನ್ ಮಾಡೋಣ ಎಂದಿದ್ದಾರೆ ಡಾಕ್ಟರು. ಆದರೆ ಆಯಿಗೆ ಮೇಲ್ಭಾಗ ಮಾತ್ರ, ಅದೂ ಮಸುಕಾಗಿ, ಕಾಣುತ್ತದೆ, ನಡುವೆ ಅಡ್ಡಗೆರೆಯೊಂದು ಅಲ್ಲಾಡುತ್ತದಂತೆ. ‘ಮುಚ್ಚಿದ್ದರೆ ಕಾಣುವುದಿಲ್ಲ ಯಾಕೆ’ ಎಂಬುದು ಅವಳ ಪ್ರಶ್ನೆ. ದೇವಿಮನೆ ಘಟ್ಟದ ಮೇಲೆ ಶಿರಸಿಗೆ ಕರೆದುಕೊಂಡು ಬರಬಹುದೇ? ಕನ್ನಡಕ ಯಾವಾಗ ಬದಲಿಸುವುದು?

ಕಡಲ_ತಡಿ:
ಮೊದಲು ಘಟ್ಟದ ವಿಷಯ, ಅದೇ ತುರ್ತಿನದು.

ಶಿರಸಿ ಸಮುದ್ರಮಟ್ಟಕ್ಕಿಂತ ಹೆಚ್ಚುಕಡಿಮೆ 590 ಮೀಟರ್ ಮೇಲಿದೆ, ಕುಮಟಾ ಸಮುದ್ರದ ಪಕ್ಕದಲ್ಲೇ. ಅಷ್ಟು ಎತ್ತರಕ್ಕೆ ಗಾಳಿಯ ಒತ್ತಡ ಸುಮಾರು ನೂರಕ್ಕೆ ಏಳರಷ್ಟು ಇಳಿಯುತ್ತದೆ, ಕಣ್ಣೊಳಗಿನ ಗ್ಯಾಸ್ ಅಷ್ಟೇ ಪ್ರಮಾಣದಲ್ಲಿ ಹಿಗ್ಗಲು ನೋಡುತ್ತದೆ. ಕಣ್ಣಿನ ಗೋಡೆ ಹಿಗ್ಗುವಂಥದ್ದಲ್ಲ. ಹಾಗಾಗಿ ಒಳಗಿನ ಒತ್ತಡ ಏರುತ್ತದೆ. ಗಾಜಿನಂಥ ದ್ರವ ಇರುವ ಜಾಗದ ಒಟ್ಟು ಅಳತೆಯೇ ಸುಮಾರು 4 ಮಿ.ಲೀ. ಅದರಲ್ಲಿ ಅರ್ಧ ಗ್ಯಾಸ್ ಇದ್ದರೂ 0.14 ಮಿ.ಲೀ. ಹೆಚ್ಚುವರಿಗೆ ಜಾಗ ಬೇಕು. ಕಣ್ಣೊಳಗಿನ ನೀರು ಹರಿದುಹೋಗಿ ಒಂದಿಷ್ಟು ಸರಿದೂಗುತ್ತದೆ, ಆದರೆ ಅದಕ್ಕೆ ಸಮಯ ಬೇಕು. ಕಾರು ಘಟ್ಟ ಹತ್ತುವ ವೇಗಕ್ಕೆ ಅದು ಹೊಂದಿಕೊಳ್ಳದೆ ಹೋಗಬಹುದು. ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣಿನ ಒತ್ತಡ ಏರಿ ನರ ಹಾಳಾಗುವ ಕಾಯಿಲೆ) ಇರುವವರಲ್ಲಿ ಹೊರಹರಿವೇ ಕಡಿಮೆ, ಅವರಿಗೆ ಅಪಾಯ ಹೆಚ್ಚು. ದೇವಿಮನೆ ಬೇಡ, ಅರಬೈಲ್ ಘಟ್ಟದಲ್ಲಿ ಹೋಗೋಣ ಎಂದರೂ ಲೆಕ್ಕ ಬದಲಾಗುವುದಿಲ್ಲ. ಯಾವ ದಾರಿಯಲ್ಲಿ ಬಂದರೂ ಶಿರಸಿಯ ಎತ್ತರ ಅಷ್ಟೇ.

ಆ ಅಡ್ಡಗೆರೆ ಗ್ಯಾಸ್ ಗುಳ್ಳೆಯ ಅಂಚು. ಕಣ್ಣಿನಲ್ಲಿ ಬಿಂಬ ತಲೆಕೆಳಗಾಗಿ ಬೀಳುವುದರಿಂದ ಮೇಲಿರುವ ಗ್ಯಾಸ್ ನೋಟದಲ್ಲಿ ಕೆಳಗೆ ಕಾಣುತ್ತದೆ. ತಲೆ ನೆಟ್ಟಗೆ ಇಟ್ಟು ನೇರ ನೋಡಿದಾಗ ಗೆರೆ ನಡುವಿನಲ್ಲಿದ್ದರೆ ಗ್ಯಾಸ್ ಅರ್ಧದಷ್ಟಿದೆ ಎಂದು ತಿಳಿಯಿರಿ. ಗೆರೆ ದಿನದಿನಕ್ಕೆ ಕೆಳಗಿಳಿದು, ಕೊನೆಗೆ ತಳದಲ್ಲಿ ದುಂಡನೆಯ ಗುಳ್ಳೆಯಾಗಿ, ಒಮ್ಮೊಮ್ಮೆ ಎರಡು ಮೂರಾಗಿ ಒಡೆದು ಮಾಯವಾಗುತ್ತದೆ. ಸಿ3ಎಫ್8 ಪೂರ್ತಿ ಕರಗಲು 6ರಿಂದ 8 ವಾರ. ಎಸ್‌ಎಫ್6 ಎಂಬ ಇನ್ನೊಂದು ಗ್ಯಾಸ್ ಆಗಿದ್ದರೆ ಎರಡು ವಾರದ ಆಸುಪಾಸು, ಬರೀ ಗಾಳಿಯಾದರೆ ಒಂದು ವಾರದೊಳಗೆ.

ಗೆರೆ ನಡುವಿನಲ್ಲೇ ಇದ್ದರೆ ಈಗ ಕುಮಟಾ ಬಿಡಬೇಡಿ. ಚಿಕ್ಕ ಗುಳ್ಳೆಯಾದ ಮೇಲೆ ಡಾಕ್ಟರಿಂದ ಒತ್ತಡ ಅಳೆಸಿ, ಅವರು ಒಪ್ಪಿದರೆ ಹೊರಡಿ. ತಪಾಸಣೆಗೆ ಮಂಗಳೂರಿಗೆ ಹೋಗಿಬರುವುದಕ್ಕೆ ಕೊಂಕಣ ರೈಲು ಸಾಕು, ದಾರಿಯುದ್ದಕ್ಕೂ ಕರಾವಳಿಯೇ. (ಶಿರಸಿಯವರು ಹುಬ್ಬಳ್ಳಿಯಲ್ಲಿ ಮಾಡಿಸಿದ್ದರೆ ಈ ತಲೆಬಿಸಿ ಅಷ್ಟಿಲ್ಲ, ಎರಡೂ ಘಟ್ಟದ ಮೇಲಿನ ಊರು, ಎತ್ತರದಲ್ಲಿ ಬಹಳ ವ್ಯತ್ಯಾಸವಿಲ್ಲ.) ವಿಮಾನ ಮಾತ್ರ ಕೊನೆಯ ಗುಳ್ಳೆ ಹೋಗುವವರೆಗೂ ಬೇಡವೇ ಬೇಡ.

ಒಂದು ಮಾತು ನೆನಪಿಡಿ. ಘಟ್ಟದ ತಿರುವುಗಳಲ್ಲಿ ವಾಂತಿ ಬಂದರೆ ನಮ್ಮ ಕಡೆ ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಕಣ್ಣಿನ ಒತ್ತಡ ಏರಿದರೂ ವಾಂತಿ ಬರುತ್ತದೆ. ವಾಂತಿಯ ಜೊತೆ ಕಣ್ಣು, ಹುಬ್ಬಿನ ಮೇಲೆ ನೋವು ಇದ್ದರೆ ‘ಇನ್ನೇನು ಊರು ಬಂತು’ ಎಂದು ಮುಂದೆ ಹೋಗಬೇಡಿ. ಗಾಡಿ ತಿರುಗಿಸಿ ಕೆಳಗಿಳಿಯಿರಿ, ಆಸ್ಪತ್ರೆಗೆ ಫೋನ್ ಮಾಡಿ.

ಅಘನಾಶಿನಿ:
‘ಮುಚ್ಚಿದ್ದರೆ ಕಾಣುವುದಿಲ್ಲ ಯಾಕೆ’ ಎಂಬುದಕ್ಕೆ ಎರಡು ಉತ್ತರ. ಈಗಿನ ಮಸುಕು ಬಹುಪಾಲು ಗ್ಯಾಸಿನದು. ಗ್ಯಾಸಿನ ಮೂಲಕ ನೋಡಿದರೆ ಕೈಯಾಡಿಸಿದ್ದು ತಿಳಿದರೆ ಹೆಚ್ಚು. ಅದರಿಂದ ಫಲಿತಾಂಶ ಅಳೆಯಬೇಡಿ.

ಗ್ಯಾಸ್ ಹೋದ ಮೇಲೂ ಕಾಯುವುದಿದೆ. ತೂತಿನ ಅಂಚುಗಳು ಕೂಡುವುದು ಬೇಗ, ಕೆಲವು ದಿನಗಳಲ್ಲೇ ರೆಟಿನಾದ ಒಳಪದರಗಳು ಸೇತುವೆಯಂತೆ ಅಡ್ಡ ಬೆಸೆದುಕೊಳ್ಳುತ್ತವೆ. ಬೆಳಕನ್ನು ಹಿಡಿಯುವ ಕೋಶಗಳಿರುವುದು ಹೊರಪದರದಲ್ಲಿ. ಓಸಿಟಿಯಲ್ಲಿ ಮೊದಲು ‘ಇಎಲ್‌ಎಂ’ ಎಂಬ ತೆಳುಗೆರೆ ಜೋಡಿಕೊಳ್ಳಬೇಕು, ಆಮೇಲಷ್ಟೇ ಅದರಡಿಯ ‘ಎಲಿಪ್ಸಾಯ್ಡ್ ಝೋನ್’ ಎಂಬ ಇನ್ನೊಂದು ಗೆರೆ ತುಂಬಿಕೊಳ್ಳುತ್ತದೆ. ಇದು ತಿಂಗಳುಗಟ್ಟಲೆ ನಡೆಯುವ ಕೆಲಸ. ಮುಂದಿನ ಸ್ಕ್ಯಾನಿನಲ್ಲಿ ‘ತೂತು ಮುಚ್ಚಿದೆಯೇ’ ಎಂದು ಕೇಳಿ ಸುಮ್ಮನಾಗಬೇಡಿ, ಈ ಎರಡು ಗೆರೆ ಎಷ್ಟು ಕೂಡಿವೆ ಎಂದು ಕೇಳಿ. ದೃಷ್ಟಿಯ ಹೆಚ್ಚಿನ ಪಾಲು ಮೊದಲ 3ರಿಂದ 6 ತಿಂಗಳಲ್ಲಿ ಬರುತ್ತದೆ, ಒಂದು ವರ್ಷದವರೆಗೂ ನಿಧಾನಕ್ಕೆ ಸುಧಾರಿಸುವುದುಂಟು. 420 ಎಂದರೆ ದೊಡ್ಡ ತೂತಿನ ಗುಂಪು (400ಕ್ಕಿಂತ ಮೇಲೆ), ಆದರೆ ಗಡಿಯಲ್ಲೇ ಇದೆ. ತೂತಾಗಿ ಆರು ತಿಂಗಳೊಳಗೆ ಮಾಡಿಸಿದ್ದರೆ ಒಳ್ಳೆಯ ಲಕ್ಷಣ. ಚಾರ್ಟಿನಲ್ಲಿ ಎರಡು ಮೂರು ಸಾಲು ಹೆಚ್ಚು ಓದಿದರೆ ಆಪರೇಷನ್ ಗೆದ್ದಂತೆ. 6/6 ಆಗಲೇಬೇಕು ಎಂದು ಆಯಿಗೆ ಆಸೆ ಹುಟ್ಟಿಸಬೇಡಿ ಮಾರಾಯ್ರೆ.

ಮನೆಯಲ್ಲಿ ನೋಡಿಕೊಳ್ಳಲು: ಗ್ಯಾಸ್ ಹೋದ ಮೇಲೆ ವಾರಕ್ಕೊಮ್ಮೆ, ಅದೇ ಬೆಳಕಿನಲ್ಲಿ, ಓದುವ ಕನ್ನಡಕ ಹಾಕಿ, ಬಲಗಣ್ಣು ಮುಚ್ಚಿ ಚೌಕುಳಿ ಹಾಳೆಯ ನಡುವಿನ ಚುಕ್ಕೆ ನೋಡಲಿ. ಗೆರೆಗಳ ಸೊಟ್ಟ ಕಡಿಮೆಯಾಗುತ್ತಾ ಬರಬೇಕು. ಬಲಗಣ್ಣನ್ನೂ ಹಾಗೇ ನೋಡಿ, ಆ ಕಣ್ಣಿನಲ್ಲೂ ತೂತು ಬೀಳುವ ಸಾಧ್ಯತೆ ಇರುತ್ತದೆ.

ಬನವಾಸಿ_ರಸ್ತೆ:
ಗೆರೆ ನಡುವಿನಲ್ಲೇ ಇದೆಯಂತೆ. ಹಾಗಾದರೆ ಇನ್ನೂ ಕುಮಟಾದಲ್ಲೇ ಇರಲಿ. ಬಗ್ಗಿ ರಂಗೋಲಿ ಹಾಕಿದಳೆಂದು ಅಕ್ಕ ಬೈದಳಂತೆ, ಅದು ತಪ್ಪೇ? ಕೈಗೆ ಒಂದು ಬ್ಯಾಂಡ್ ಕಟ್ಟಿದ್ದಾರೆ, ತೆಗೆಯಬಹುದೇ?

ಹನಿ_ಬಾಟಲಿ:
ರಂಗೋಲಿಗೆ ಬೈಯಬೇಕಿಲ್ಲ. ಮೊದಲ ದಿನಗಳಲ್ಲಿ ಮುಖ ಕೆಳಗೆ ಹಾಕಿ ಮಲಗಿಸಿದ್ದೇ ಗುಳ್ಳೆ ಮೇಲೇರಿ ತೂತಿಗೆ ಒತ್ತಿಕೊಳ್ಳಲಿ ಎಂದು. ಬೇಡದ್ದು ಅಂಗಾತ ಮಲಗುವುದು. ಆಗ ಗ್ಯಾಸ್ ಮುಂದೆ ಬಂದು ಮಸೂರಕ್ಕೆ ತಾಗುತ್ತದೆ, ಪೊರೆ ಬೇಗ ಬರುತ್ತದೆ, ಒತ್ತಡವೂ ಏರಬಹುದು. ಗ್ಯಾಸ್ ಇರುವವರೆಗೆ ಪಕ್ಕಕ್ಕೆ ತಿರುಗಿ ಮಲಗಲಿ, ಬೆನ್ನಿಗೆ ಒಂದು ದಿಂಬು ಕೊಟ್ಟರೆ ನಿದ್ದೆಯಲ್ಲಿ ಹೊರಳುವುದಿಲ್ಲ. ಭಾರದ ಕೊಡಪಾನ ಎತ್ತುವುದು ಬೇಡ.

ಸ್ಟೆರಾಯ್ಡ್ ಹನಿಯನ್ನು ಸಾಮಾನ್ಯವಾಗಿ 4ರಿಂದ 6 ವಾರದಲ್ಲಿ ಹಂತಹಂತವಾಗಿ ಇಳಿಸುತ್ತಾರೆ. ಕೆಂಪು ಹೋಯಿತೆಂದು ನಡುವೆ ಬಿಡಬೇಡಿ, ಬಾಟಲಿಯಲ್ಲಿ ಉಳಿದಿದೆಯೆಂದು ಮುಂದುವರಿಸಲೂ ಬೇಡಿ. ಅದೇ ಹನಿ ಕೆಲವರಲ್ಲಿ ಕಣ್ಣಿನ ಒತ್ತಡ ಏರಿಸುತ್ತದೆ. ಎರಡು ಬೇರೆ ಹನಿಗಳ ನಡುವೆ ಐದು ನಿಮಿಷ ಬಿಡಿ, ಇಲ್ಲದಿದ್ದರೆ ಎರಡನೆಯದು ಮೊದಲಿನದನ್ನು ತೊಳೆದುಬಿಡುತ್ತದೆ.

ಕನ್ನಡಕಕ್ಕೆ ಈಗ ದುಡ್ಡು ಹಾಕಬೇಡಿ. ಗ್ಯಾಸ್ ಪೂರ್ತಿ ಹೋಗಿ ನಂಬರ್ ನೆಲೆ ನಿಲ್ಲಲಿ, ಎರಡು ಮೂರು ತಿಂಗಳಾದರೂ ಬೇಕು. ಪೊರೆ ಆಪರೇಷನ್ ಇನ್ನೂ ಆಗಿರದಿದ್ದರೆ ಇನ್ನೊಂದು ಸಂಗತಿ: ಈ ವಯಸ್ಸಿನಲ್ಲಿ ವಿಟ್ರೆಕ್ಟಮಿ ಆದ ಕಣ್ಣಿಗೆ ಎರಡು ವರ್ಷದೊಳಗೆ ಪೊರೆ ಬಲಿಯುವುದು ಬಹಳ ಸಾಮಾನ್ಯ. ಚೆನ್ನಾಗಿ ಬಂದಿದ್ದ ದೃಷ್ಟಿ ಆರೆಂಟು ತಿಂಗಳಿಗೆ ನಿಧಾನವಾಗಿ ಮಂಜಾದರೆ ತೂತು ಮತ್ತೆ ತೆರೆಯಿತೆಂದು ಗಾಬರಿಯಾಗುವ ಮೊದಲು ಪೊರೆ ಪರೀಕ್ಷೆ ಮಾಡಿಸಿ. ಆದರೆ ಒಂದು ಪಕ್ಕದಿಂದ ಪರದೆ ಎಳೆದಂತೆ ಕಪ್ಪಾದರೆ, ಒಮ್ಮೆಲೇ ಮಿಂಚು, ಕಪ್ಪುಚುಕ್ಕೆ ಹೆಚ್ಚಿದರೆ, ಇಲ್ಲವೇ ನೋವು, ಕೆಂಪಿನ ಜೊತೆ ದೃಷ್ಟಿ ಕುಸಿದರೆ ಅದೇ ದಿನ ರೆಟಿನಾ ಡಾಕ್ಟರಲ್ಲಿಗೆ ಹೋಗಬೇಕು.

ಬ್ಯಾಂಡ್ ತೆಗೆಯಬೇಡಿ. ಬೇರೆ ಯಾವುದಕ್ಕಾದರೂ ತುರ್ತಾಗಿ ಅರಿವಳಿಕೆ ಕೊಡಬೇಕಾಗಿ ಬಂದು ನೈಟ್ರಸ್ ಆಕ್ಸೈಡ್ ಬಳಸಿದರೆ, ಅದು ಗುಳ್ಳೆಯೊಳಗೆ ನುಗ್ಗಿ ನಿಮಿಷಗಳಲ್ಲೇ ಹಿಗ್ಗಿಸುತ್ತದೆ, ಕಣ್ಣೇ ಹೋಗಬಹುದು. ಕೈಯಲ್ಲಿ ಬ್ಯಾಂಡ್ ಇದ್ದರೆ ಅರಿವಳಿಕೆಯವರಿಗೆ ತಿಳಿಯುತ್ತದೆ. ಗ್ಯಾಸ್ ಹೋಗಿದೆ ಎಂದು ರೆಟಿನಾ ಡಾಕ್ಟರು ನೋಡಿ ಹೇಳಿದ ಮೇಲೆ ಕತ್ತರಿಸಿ.