ಸಹಾಯ ಬೇಕು: ಪೋರ್ಚುಗೀಸ್ ಉಚ್ಚಾರವನ್ನು ಕನ್ನಡದಲ್ಲಿ ಬರೆಯುವುದು

ಲಿಸ್ಬನ್‌ಗೆ ಹೊರಟವರಿಗಾಗಿ ಒಂದು ಪುಟದ ಮಾತಿನ ಪಟ್ಟಿ ಸಿದ್ಧವಾಗುತ್ತಿದೆ. ನಮಸ್ಕಾರ ಹೇಳಲು ‘ಬೋಂ ದಿಯ’ ಮಧ್ಯಾಹ್ನದವರೆಗೆ, ‘ಬೋವ ತಾರ್ದ್’ ಕತ್ತಲಾಗುವವರೆಗೆ, ಆಮೇಲೆ ‘ಬೋವ ನೋಯ್ತ್’. ಈ ಕೊನೆಯದು ಭೇಟಿಗೂ ಆಗುತ್ತದೆ, ಬೀಳ್ಕೊಡುಗೆಗೂ. ಧನ್ಯವಾದ ಹೇಳುವವರು ಗಂಡಸಾದರೆ ‘ಒಬ್ರಿಗಾದು’, ಹೆಂಗಸಾದರೆ ‘ಒಬ್ರಿಗಾದ’. ಎದುರಿನವರ ಲಿಂಗ ನೋಡಿ ಬದಲಿಸುವುದೇ ಎಲ್ಲರ ತಪ್ಪು. ಸಂಖ್ಯೆಯಲ್ಲಿ 1, 2ಕ್ಕೆ ಮಾತ್ರ ಎಚ್ಚರ: ಪುಲ್ಲಿಂಗಕ್ಕೆ ಉಂ, ದೋಯ್ಶ್, ಸ್ತ್ರೀಲಿಂಗಕ್ಕೆ ಉಮ, ದುವಶ್. 3ರಿಂದ 100ರವರೆಗೆ ಕೊನೆಯಲ್ಲಿ 1, 2 ಬಂದರಷ್ಟೇ (11, 12 ಬಿಟ್ಟು) ಈ ತಲೆನೋವು.

ತೊಡಕು ಇರುವುದು ಮೂಗಿನ ಸ್ವರದಲ್ಲಿ. ಬ್ರೆಡ್ಡಿಗೆ ‘ಪಾಂವ್’ ಎನ್ನಬೇಕು (ನಮ್ಮ ಪಾವ್ ಬಂದದ್ದು ಅಲ್ಲಿಂದಲೇ). ಮೂಗಿನ ದನಿ ಬಿಟ್ಟರೆ ಅರ್ಥ ‘ಕೋಲು’ ಎಂದಾಗುತ್ತದೆ! ಆದರೆ ‘ಪಾಂವ್’ ಎಂದು ಬರೆದರೆ ಹೊಸಬರು ‘ಪಾಮ್‌ವ್’ ಎಂದು ಓದುತ್ತಾರೆ. ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವವರು ಇದಕ್ಕೆ ಯಾವ ಗುರುತು ಬಳಸುತ್ತೀರಿ? ಮೊಬೈಲ್ ಕೀಬೋರ್ಡಿನಲ್ಲಿ ಸಿಗುವಂಥದ್ದೇ ಬೇಕು.